ಅಂಡ್, ಆರ್, ದ

ಉರ್ದು ವ್ಯಾಕರಣದಲ್ಲಿ ಮಾತುಗಳಿಗೆ ಮೂರೇ ಜಾತಿ. ಇಸ್ಮ್, ಫೇಲ್, ಹರ್ಫ್. ಒಂದು ಹೆಸರು, ಒಂದು ಕ್ರಿಯೆ, ಇನ್ನೊಂದು ಇವೆರಡೂ ಅಲ್ಲದ್ದು. ಅರಬ್ಬಿ ವ್ಯಾಕರಣದವರು ಎಂದೋ ಮಾಡಿದ ಈ ವಿಂಗಡಣೆ ನಮ್ಮೂರಿನ ಸರ್ಕಾರಿ ಉರ್ದು ಶಾಲೆಯ ಹೆಂಚಿನ ಕೋಣೆಗೂ ಬಂದು ತಲುಪಿತ್ತು. ಹರ್ಫ್ ಅಂದರೆ ಏನು ಎಂದು ಕೇಳಿದರೆ ನಮ್ಮ ಉಸ್ತಾದರು, "ಒಂಟಿಯಾಗಿದ್ದರೆ ಅರ್ಥವಿಲ್ಲ, ಇನ್ನೊಬ್ಬರ ಪಕ್ಕ ನಿಂತರೆ ಅರ್ಥ ಬರುತ್ತದೆ, ಅಂಥದ್ದು" ಅನ್ನುತ್ತಿದ್ದರು. "ಸೊಸೆಯಂದಿರ ಹಾಗೆ" ಅಂತ ಹಿಂದಿನ ಸಾಲಿನಿಂದ ಒಬ್ಬಳು ಪಿಸುಗುಟ್ಟಿದ್ದು ನನಗಿನ್ನೂ ನೆನಪಿದೆ. ಅವಳಿಗೆ ಆಗ ಹತ್ತೋ ಹನ್ನೊಂದೋ ವರ್ಷ. ಅವಳ ಮನೆಯಲ್ಲಿ ಮೂವರು ಅತ್ತಿಗೆಯರಿದ್ದರು.

ಏಳನೇ ತರಗತಿ ಮುಗಿಸಿ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋದಾಗ ಇಸ್ಮ್ ನಾಮಪದವಾಯಿತು, ಫೇಲ್ ಕ್ರಿಯಾಪದವಾಯಿತು, ಹರ್ಫ್ ಮಾತ್ರ ಅಷ್ಟು ಸಲೀಸಾಗಿ ಸಿಗಲಿಲ್ಲ. ಒಂದಿಷ್ಟು ಅವ್ಯಯವಾಯಿತು, ಒಂದಿಷ್ಟು ವಿಭಕ್ತಿ ಪ್ರತ್ಯಯವಾಗಿ ನಾಮಪದದ ಬಾಲಕ್ಕೆ ಅಂಟಿಕೊಂಡಿತು, ಇನ್ನೊಂದಿಷ್ಟು ಕ್ರಿಯಾಪದದ ಹೊಟ್ಟೆಯೊಳಗೇ ಹೋಗಿ ಕುಳಿತಿತ್ತು. ಕನ್ನಡದಲ್ಲಿ 'ಬಂದರೆ' ಅಂದರೆ ಸಾಕು, ಬೇರೆ 'ಅಗರ್' ಬೇಕಾಗಿಲ್ಲ. 'ಬಂದರೂ' ಅಂದರೆ 'ಅಗರ್ಚೆ' ಬಂದಾಯಿತು. 'ಬಂದಾಗ', 'ಬಂದಮೇಲೆ', 'ಬರುವ ತನಕ', 'ಬಂದದ್ದರಿಂದ' ಎಲ್ಲವೂ ಅದೇ ಒಂದು 'ಬರು'ವಿನ ಮಕ್ಕಳು. ಉರ್ದುವಿನಲ್ಲಿ ಹೊಸ್ತಿಲಲ್ಲಿ ನಿಂತು ವಾಕ್ಯವನ್ನು ಒಳಗೆ ಕರೆಯುವ ಪದಗಳು ಕನ್ನಡದಲ್ಲಿ ಮನೆಯೊಳಗೇ ಇದ್ದವು.

ಮನೆಯಲ್ಲಿ ನಾವು ಆಡುತ್ತಿದ್ದುದು ಇವೆರಡೂ ಅಲ್ಲ, ದಖ್ಖನಿ. ಶಾಲೆಯ ಉರ್ದುವಿನಲ್ಲಿ 'ಲಡ್ಕೇ ನೇ ರೋಟಿ ಖಾಯೀ' ಅನ್ನಬೇಕು. ತಿಂದವನು ಹುಡುಗ, ಆದರೆ ಕ್ರಿಯಾಪದ ರೊಟ್ಟಿಯ ಲಿಂಗ ನೋಡಿಕೊಂಡು ಹೆಣ್ಣಾಗುತ್ತದೆ. ಹಾಗೆ ಮಾಡಿಸುವುದು ಆ ಪುಟ್ಟ 'ನೇ' ಎಂಬ ಹರ್ಫು. ನಮ್ಮ ದಾದಿಗೆ ಈ 'ನೇ' ಕಂಡರೆ ಆಗುತ್ತಿರಲಿಲ್ಲ. "ಲಡ್ಕಾ ರೋಟಿ ಖಾಯಾ" ಅನ್ನುತ್ತಿದ್ದರು. ತಿಂದವನಿಗೇ ಕ್ರಿಯೆ ಸೇರಬೇಕು, ರೊಟ್ಟಿಗೇಕೆ ಎಂಬ ಹಾಗೆ. ದಕ್ಷಿಣದ ದಖ್ಖನಿಯಲ್ಲಿ ಬಹುಮಟ್ಟಿಗೆ ಹೀಗೇ. ಇನ್ನೊಂದು ವಿಷಯ ನೋಡಿ. ಶಾಲೆಯ ಉರ್ದುವಿನಲ್ಲಿ 'ಉಸ್ ನೇ ಕಹಾ ಕೆ ಮೈಂ ಆವೂಂಗಾ'. ಮೊದಲು 'ಹೇಳಿದ', ಆಮೇಲೆ 'ಕೆ' ಎಂಬ ಕೊಂಡಿ, ಆಮೇಲೆ ಹೇಳಿದ ಮಾತು. ದಾದಿಯ ಬಾಯಲ್ಲಿ ಅದು 'ಆತೂಂ ಬೋಲ್ಕೆ ಬೋಲ್ಯಾ'. ಇದು ಪದಕ್ಕೆ ಪದ ನಮ್ಮ 'ಬರ್ತೀನಿ ಅಂತ ಹೇಳಿದ'. ಕನ್ನಡ, ತೆಲುಗುಗಳ ನೆರೆಯಲ್ಲಿ ಶತಮಾನಗಳ ಕಾಲ ಬಾಳಿದ ಭಾಷೆ ನೆರೆಮನೆಯವರ 'ಅಂತ'ವನ್ನು ಸಾಲ ತರಲಿಲ್ಲ. ಅದರ ಅಳತೆ ತೆಗೆದುಕೊಂಡು ತನ್ನದೇ ಬಟ್ಟೆಯಲ್ಲಿ ಹೊಲಿಸಿಕೊಂಡಿತು. ಎರಡು ಸಮುದಾಯಗಳ ನಡುವಿನ ಕೊಡುಕೊಳೆಯ ಬಗ್ಗೆ ಭಾಷಣ ಮಾಡುವವರು ಬಿರಿಯಾನಿ ಮತ್ತು ಉರುಸಿನ ಉದಾಹರಣೆಗೇ ನಿಲ್ಲುತ್ತಾರೆ. ಈ 'ಬೋಲ್ಕೆ'ಯನ್ನೂ ಸ್ವಲ್ಪ ನೋಡಬಾರದೇ ಎಂದು ನನಗೆ ಅನ್ನಿಸುವುದುಂಟು.

ಐದನೇ ತರಗತಿಯಿಂದ ಇಂಗ್ಲಿಷ್ ಬಂತು. ಅದರಲ್ಲಿ ಕ್ರಿಯಾಪದ ಎಷ್ಟು ಬಡವ ಎಂದು ಹೊಳೆದದ್ದು ಬಹಳ ತಡವಾಗಿ, ಕತೆಗಳನ್ನು ಬರೆಯಲು ಶುರುಮಾಡಿದ ಮೇಲೆ. ನಮ್ಮ 'ಬಂದಳು' ಒಂದೇ ಪದದಲ್ಲಿ ಬಂದವಳು ಹೆಣ್ಣು, ಒಬ್ಬಳೇ, ನಾನೂ ಅಲ್ಲ ನೀನೂ ಅಲ್ಲ, ಅವಳಿಗೆ ಬಹುವಚನದ ಮರ್ಯಾದೆ ಕೊಟ್ಟಿಲ್ಲ ಎಂದು ಇಷ್ಟನ್ನೂ ಹೇಳಿಬಿಡುತ್ತದೆ. 'ಕೇಮ್' ಏನನ್ನೂ ಹೇಳುವುದಿಲ್ಲ. ನಾನು, ನೀನು, ಅವಳು, ಕುದುರೆ, ಮಳೆ, ಮುಖ್ಯಮಂತ್ರಿ, ಎಲ್ಲರಿಗೂ ಅದೇ 'ಕೇಮ್'. ವರ್ತಮಾನಕಾಲದಲ್ಲಿ ಮಾತ್ರ ಏಕವಚನದ ಮೂರನೆಯವನಿಗೆ ಒಂದು ಸಣ್ಣ 'ಎಸ್' ಅಂಟುತ್ತದೆ. 'ಬಿ' ಎಂಬ ಕ್ರಿಯಾಪದವೊಂದು ಈಸ್, ಆರ್, ವಾಸ್, ವರ್ ಎಂದು ಹಳೆಯ ಜಮೀನ್ದಾರನ ಹಾಗೆ ನಾಲ್ಕಾರು ಅಂಗಿಗಳನ್ನು ಉಳಿಸಿಕೊಂಡಿದೆ. ಅಷ್ಟೇ. ಹಾಗಾದರೆ ಕೆಲಸ ಮಾಡುವವರು ಯಾರು? ಮುಂದೆ ನಿಂತ ಹರ್ಫುಗಳೇ. ಎ, ದ, ದಟ್, ಈಚ್, ಎವೆರಿ, ನೋ. ಅಂಡ್, ಆರ್, ನಾರ್, ಇಫ್.

ಇವುಗಳಲ್ಲಿ 'ದ' ನಮಗೆ ತೀರ ಅಪರಿಚಿತವಾಗಿರಬೇಕಾಗಿರಲಿಲ್ಲ. ಅರಬ್ಬಿಯ 'ಅಲ್' ಅದೇ ಕೆಲಸದ್ದು, ಮತ್ತು ಅದು ನಮ್ಮ ಹೆಸರುಗಳ ಒಳಗೇ ಇದೆ. ಅಬ್ದುಲ್ ರಹಮಾನ್ ಅನ್ನುವಾಗ 'ಅಬ್ದ್' ಎಂದರೆ ಸೇವಕ, ಬಾಲದಲ್ಲಿರುವ 'ಲ್' ಮುಂದಿನ ರಹಮಾನನಿಗೆ ಸೇರಿದ 'ದ'. ನೂರುದ್ದೀನ್ ಎಂಬಲ್ಲಿ ಆ 'ಲ್' ಮುಂದಿನ ದಕಾರಕ್ಕೆ ಸೋತು ತಾನೂ ದಕಾರವಾಗಿದೆ. ಇಂಗ್ಲಿಷಿನ 'ದ' ಸ್ವರದ ಮುಂದೆ 'ದಿ' ಆಗುವ ಹಾಗೆ ಇದಕ್ಕೂ ನೆರೆಯವರ ಮುಲಾಜು. ನಮ್ಮ ಗುರುತಿನ ಚೀಟಿಗಳಲ್ಲಿ ಅಬ್ದುಲ್ ಒಂದು ಕಾಲಂನಲ್ಲಿ, ರಹಮಾನ್ ಇನ್ನೊಂದು ಕಾಲಂನಲ್ಲಿ. 'ಸೇವಕ ದ' ಎಂಬಷ್ಟೇ ಹೆಸರಿನಿಂದ ಎಷ್ಟೋ ಮಂದಿ ಬಾಳುತ್ತಿದ್ದಾರೆ. ಕಚೇರಿಯಲ್ಲಿ ಕುಳಿತವರು ಅವರನ್ನು "ರೀ ಅಬ್ದುಲ್" ಎಂದು ಕರೆಯುತ್ತಾರೆ. ಅವರೂ ಓಗೊಡುತ್ತಾರೆ.

ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಓದಿದವರಿಗೆಲ್ಲ ಒಂದು ಪಾಠ ನೆನಪಿರಬಹುದು. 'ದ ಪೊಯೆಟ್ ಅಂಡ್ ಟೀಚರ್ ಈಸ್ ಡೆಡ್' ಎಂದರೆ ಸತ್ತವನು ಒಬ್ಬ. ಅವನೇ ಕವಿ, ಅವನೇ ಮೇಷ್ಟ್ರು. 'ದ ಪೊಯೆಟ್ ಅಂಡ್ ದ ಟೀಚರ್ ಆರ್ ಡೆಡ್' ಎಂದರೆ ಎರಡು ಹೆಣ. ನಡುವೆ ಇನ್ನೊಂದು 'ದ' ಬಂದದ್ದಕ್ಕೆ ಒಂದು ಜೀವ ಹೆಚ್ಚು ಹೋಯಿತು, ಕ್ರಿಯಾಪದವೂ 'ಈಸ್' ಬಿಟ್ಟು 'ಆರ್' ಆಯಿತು. 'ಎ ನಂಬರ್ ಆಫ್ ಪೀಪಲ್' ಎಂದರೆ ಕ್ರಿಯಾಪದ ಬಹುವಚನ, 'ದ ನಂಬರ್ ಆಫ್ ಪೀಪಲ್' ಎಂದರೆ ಏಕವಚನ. ಮೊದಲನೆಯದರಲ್ಲಿ ನಾವು ಜನರನ್ನು ನೋಡುತ್ತಿದ್ದೇವೆ, ಎರಡನೆಯದರಲ್ಲಿ ಬರೀ ಅಂಕಿಯನ್ನು. ಗಲಭೆಯ ಸುದ್ದಿ ಓದುವಾಗ ಈ ಎರಡರ ನಡುವಿನ ದೂರ ನನ್ನನ್ನು ಬಾಧಿಸುತ್ತದೆ. ಇನ್ನು 'ಎವೆರಿ' ಎಂಬುದಿದೆ. 'ಅಂಡ್' ಇಬ್ಬರನ್ನು ಸೇರಿಸಿದರೆ ಬಹುವಚನ ಬರಬೇಕಲ್ಲವೇ? ಆದರೆ 'ಎವೆರಿ ಬಾಯ್ ಅಂಡ್ ಗರ್ಲ್' ಎಂದಿರೋ, ಕ್ರಿಯಾಪದ 'ಈಸ್'. 'ಅಂಡ್' ಎಷ್ಟು ಜನರನ್ನು ಕರೆತಂದರೂ 'ಎವೆರಿ' ಅವರನ್ನು ಒಬ್ಬೊಬ್ಬರಾಗಿಯೇ ಬಾಗಿಲು ದಾಟಿಸುತ್ತದೆ.

'ಆಸ್ ವೆಲ್ ಆಸ್', 'ಅಲಾಂಗ್ ವಿತ್' ಎಂಬವು ಇನ್ನೂ ತಮಾಷೆ. ಅವು ಜನರನ್ನು ಕರೆತರುತ್ತವೆ, ಆದರೆ ಬಂದವರಿಗೆ ಮತದಾನದ ಹಕ್ಕಿಲ್ಲ. ಯಜಮಾನ ಹೆಂಡತಿ ಮಕ್ಕಳೊಂದಿಗೆ ಬಂದರೂ ಇಂಗ್ಲಿಷ್ ಕ್ರಿಯಾಪದ ಯಜಮಾನನೊಬ್ಬನನ್ನೇ ಎಣಿಸುತ್ತದೆ. ಇಂಗ್ಲಿಷನ್ನೇ ದೂರುವುದೇಕೆ? 'ಹೆಂಡತಿ ಮಕ್ಕಳೊಂದಿಗೆ ಬಂದ' ಅನ್ನುವ ನಮ್ಮ ಕನ್ನಡವೂ ಅಷ್ಟೇ. ಲಗ್ನಪತ್ರಿಕೆಯ 'ಸಕುಟುಂಬ'ದಲ್ಲಿ ಎಷ್ಟು ಹೆಂಗಸರು ಅಡಗಿದ್ದಾರೋ!

ಕೊಂಡಿಗಳು ಕ್ರಿಯಾಪದದ ಕಾಲವನ್ನೂ ಬಿಡುವುದಿಲ್ಲ. 'ಬರ್ತೀನಿ ಅಂತ ಹೇಳಿದ' ಅಂದಾಗ ಅವನ 'ಬರ್ತೀನಿ' ಅವನ ಬಾಯಲ್ಲಿದ್ದ ಹಾಗೇ ಉಳಿಯುತ್ತದೆ. ಇಂಗ್ಲಿಷಿನ 'ದಟ್' ಬಂದರೆ 'ವಿಲ್' ಹೋಗಿ 'ವುಡ್' ಆಗುತ್ತದೆ, 'ನಾನು' ಹೋಗಿ 'ಅವನು' ಆಗುತ್ತದೆ. ಆಡಿದವನ ದನಿ ಹೋಯಿತು, ವರದಿಗಾರನ ದನಿ ಉಳಿಯಿತು.

ಇಷ್ಟೆಲ್ಲ ವ್ಯಾಕರಣದ ಗೊಡವೆ ಕತೆ ಬರೆಯುವವಳಿಗೆ ಏಕೆ ಎಂದರೆ, ನಮ್ಮ ಅಮ್ಮಿ ಐದು ತಿಂಗಳು ಒಂದು 'ಅಂಡ್'ನ ಕೈಯಲ್ಲಿ ಸಿಕ್ಕಿಕೊಂಡಿದ್ದರು.

ಅಬ್ಬಾ ಲೈನ್‌ಮನ್ ಆಗಿ ನಿವೃತ್ತರಾದಾಗ ಬಂದ ಹಣವನ್ನು ತಮ್ಮ ಮತ್ತು ಅಮ್ಮಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಟ್ಟರು. ಹೆಂಡತಿಯ ಹೆಸರೂ ಇರಲಿ ಎಂಬುದು ಅವರ ಆಸೆ. ಅರ್ಜಿ ಇಂಗ್ಲಿಷಿನಲ್ಲಿತ್ತು. ಖಾತೆಯನ್ನು ಯಾರು, ಹೇಗೆ ನಡೆಸಬೇಕು ಎಂಬ ಸಾಲಿನಲ್ಲಿ ನಾಲ್ಕು ಪುಟ್ಟ ಚೌಕಗಳು. ಒಂದರ ಮುಂದೆ 'ಐದರ್ ಆರ್ ಸರ್ವೈವರ್', ಇನ್ನೊಂದರ ಮುಂದೆ 'ಜಾಯಿಂಟ್ಲಿ'. ಕೌಂಟರಿನವರು "ಇಬ್ಬರ ಹೆಸರಲ್ಲೂ ತಾನೇ?" ಎಂದು ಕೇಳಿದರು, ಅಬ್ಬಾ "ಹೌದು, ಇಬ್ಬರದೂ" ಅಂದರು, ಅವರೇ 'ಜಾಯಿಂಟ್ಲಿ'ಗೆ ಗುರುತು ಹಾಕಿ ರುಜು ಮಾಡಿಸಿಕೊಂಡರು. ಐದರ್ ಆರ್ ಸರ್ವೈವರ್ ಎಂದರೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು, ಒಬ್ಬರು ತೀರಿಕೊಂಡರೆ ಬದುಕಿರುವವರು ತೆಗೆಯಬಹುದು. ಜಾಯಿಂಟ್ಲಿ ಎಂದರೆ ಇಬ್ಬರೂ ಸೇರಿಯೇ ರುಜು ಮಾಡಬೇಕು. ಪಾಸ್‌ಬುಕ್ಕಿನ ಮೇಲೆ ಎರಡು ಹೆಸರುಗಳ ನಡುವೆ ಒಂದು 'ಅಂಡ್' ಕುಳಿತಿತ್ತು.

2009ರಲ್ಲಿ ಅಬ್ಬಾ ತೀರಿಕೊಂಡರು. ನಲವತ್ತನೆಯ ದಿನ ಕಳೆದ ಮೇಲೆ ಅಮ್ಮಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಅಮ್ಮಿಗೆ ಉರ್ದು ಓದಲು ಬರುತ್ತಿತ್ತು, ರುಜುವನ್ನೂ ಉರ್ದುವಿನಲ್ಲೇ ಮಾಡುತ್ತಿದ್ದರು. "ಇಬ್ಬರ ರುಜುವೂ ಬೇಕಲ್ಲಮ್ಮ" ಎಂದರು. ಒಬ್ಬರು ಇಲ್ಲ ಎಂದೆವು. ಹಾಗಾದರೆ ಎಲ್ಲ ವಾರಸುದಾರರೂ ಬರಬೇಕು, ವಂಶವೃಕ್ಷ ಬೇಕು, ಒಪ್ಪಿಗೆ ಪತ್ರ ಬೇಕು ಎಂದರು. ನಾವು ಐವರು ಮಕ್ಕಳು. ಒಬ್ಬ ಅಣ್ಣ ದಮ್ಮಾಮಿನಲ್ಲಿದ್ದ. ಅವನ ರುಜು ಅಲ್ಲಿಂದ ದೃಢೀಕರಣವಾಗಿ ಬರಬೇಕು. ತಾಲ್ಲೂಕು ಕಚೇರಿಯ ಮೆಟ್ಟಿಲು ಎಷ್ಟು ಸಲ ಹತ್ತಿದೆವೋ! ಆ ಐದು ತಿಂಗಳು ಅಮ್ಮಿಯ ಮಾತ್ರೆಗಳಿಗೂ ನಾವು ಮಕ್ಕಳು ಸರದಿಯ ಮೇಲೆ ಹಣ ಕೊಟ್ಟೆವು. ಸ್ವಂತ ಹಣವಿದ್ದೂ ಮಕ್ಕಳ ಮುಂದೆ ಕೈಯೊಡ್ಡುವುದು ಅವರಿಗೆ ಅಬ್ಬಾ ಇಲ್ಲದ್ದಕ್ಕಿಂತ ಹೆಚ್ಚು ನೋಯುತ್ತಿತ್ತೇನೋ ಎಂದು ನನಗೆ ಅನುಮಾನ.

ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಆ ಎರಡು ಚೌಕಗಳ ಅರ್ಥವನ್ನು ಅಮ್ಮಿಗೆ ಬಿಡಿಸಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ 'ಇಬ್ಬರೂ' ಅಂತ ಬರೆಸಿದ್ದಕ್ಕೆ ಒಬ್ಬಳಿಗೂ ಇಲ್ಲ, 'ಯಾರಾದರೂ ಒಬ್ಬರು' ಅಂತ ಬರೆಸಿದ್ದರೆ ಇಬ್ಬರಿಗೂ ಇತ್ತು" ಅಂದರು. ನಾನು ಇಂಗ್ಲಿಷ್ ವ್ಯಾಕರಣದ ಎಷ್ಟೋ ಪುಸ್ತಕಗಳನ್ನು ತಿರುವಿಹಾಕಿದ್ದೇನೆ. 'ಅಂಡ್' ಮತ್ತು 'ಆರ್' ಬಗ್ಗೆ ಇದಕ್ಕಿಂತ ಚೊಕ್ಕವಾದ ಮಾತನ್ನು ಎಲ್ಲೂ ಓದಿಲ್ಲ.

ಐದರ್ ಆರ್ ಸರ್ವೈವರ್ ಎಂಬುದನ್ನು ಕನ್ನಡಿಸಲು ಹೊರಟರೂ ಸುಖವಿಲ್ಲ. 'ಒಬ್ಬರು ಅಥವಾ ಉಳಿದವರು' ಅಂದರೆ ಬದುಕಿ ಉಳಿದವರೋ, ಮಿಕ್ಕವರೆಲ್ಲರೋ? ಮಿಕ್ಕವರೆಲ್ಲ ಎಂದಾದರೆ ಮತ್ತೆ ನಾವು ಐವರು ಮಕ್ಕಳು ಸಾಲಾಗಿ ನಿಲ್ಲಬೇಕು!

ಬ್ಯಾಂಕಿನ ಚೌಕ ಹಾಗಿರಲಿ, ದೊಡ್ಡ ದೊಡ್ಡ ನ್ಯಾಯಾಲಯಗಳೂ ಈ ಪುಟ್ಟ ಪದಗಳ ಮುಂದೆ ತಲೆ ಕೆರೆದುಕೊಂಡಿವೆ. ಅಮೆರಿಕದ ಸುಪ್ರೀಂ ಕೋರ್ಟು 2021ರ ಏಪ್ರಿಲಿನಲ್ಲಿ ಒಂದು 'ಎ'ಯ ಮೇಲೆ ತೀರ್ಪು ಕೊಟ್ಟಿತು. ಗ್ವಾಟೆಮಾಲಾದಿಂದ 2005ರಲ್ಲಿ ಬಂದಿದ್ದ ನಿಜ್ ಶಾವೆಜ್ ಎಂಬಾತನ ಮೊಕದ್ದಮೆ. ಹತ್ತು ವರ್ಷ ಎಡೆಬಿಡದೆ ಆ ದೇಶದಲ್ಲಿ ಇದ್ದವರು ಗಡೀಪಾರು ತಪ್ಪಿಸಿಕೊಳ್ಳಲು ಅರ್ಜಿ ಹಾಕಬಹುದು. ಆದರೆ ಸರ್ಕಾರ 'ಎ ನೋಟಿಸ್' ಕೊಟ್ಟ ದಿನ ಗಡಿಯಾರ ನಿಲ್ಲುತ್ತದೆ. ಸರ್ಕಾರ 2013ರಲ್ಲಿ ಆತನಿಗೆ ಅರ್ಧ ವಿವರಗಳ ಒಂದು ಕಾಗದವನ್ನೂ, ಎರಡು ತಿಂಗಳ ನಂತರ ವಿಚಾರಣೆಯ ದಿನಾಂಕವಿರುವ ಇನ್ನೊಂದನ್ನೂ ಕಳಿಸಿತ್ತು. ಎರಡೂ ಸೇರಿ ಒಂದು ನೋಟಿಸು ಎಂಬುದು ಸರ್ಕಾರದ ವಾದ. 'ಎ ನೋಟಿಸ್' ಎಂದರೆ ಎಲ್ಲ ವಿವರಗಳೂ ಇರುವ ಒಂದೇ ಕಾಗದ, ತುಂಡುತುಂಡಾಗಿ ಕೊಟ್ಟರೆ ಆಗದು ಎಂದು ಆರು ನ್ಯಾಯಮೂರ್ತಿಗಳು ಹೇಳಿದರು, ಮೂವರು ಒಪ್ಪಲಿಲ್ಲ. ಗಡಿಯಾರ ನಿಲ್ಲಲಿಲ್ಲ.

ಅದೇ ಕೋರ್ಟು 2024ರ ಮಾರ್ಚಿನಲ್ಲಿ 'ಅಂಡ್'ಗೆ ಕೈಹಾಕಿತು. ಮಾದಕವಸ್ತು ಪ್ರಕರಣಗಳಲ್ಲಿ ಕಾನೂನು ಗೊತ್ತುಮಾಡಿದ ಕನಿಷ್ಠ ಶಿಕ್ಷೆಗಿಂತ ಕಡಿಮೆ ಕೊಡಲು ನ್ಯಾಯಾಧೀಶರಿಗಿದ್ದ ಅವಕಾಶವನ್ನು 2018ರ ತಿದ್ದುಪಡಿ ಹಿಗ್ಗಿಸಿತ್ತು. ಷರತ್ತೇನೆಂದರೆ ಆರೋಪಿಗೆ ಹಳೆಯ ಅಪರಾಧಗಳ ಲೆಕ್ಕದಲ್ಲಿ 'ಎ, ಬಿ, ಅಂಡ್ ಸಿ' 'ಡಸ್ ನಾಟ್ ಹ್ಯಾವ್' ಆಗಿರಬೇಕು. ಪಲ್ಸಿಫರ್ ಎಂಬವನಿಗೆ ಎ ಇತ್ತು, ಬಿ ಇತ್ತು, ಸಿ ಇರಲಿಲ್ಲ. ಮೂರೂ ಒಟ್ಟಿಗೆ ಇಲ್ಲವಲ್ಲ, ನನಗೆ ರಿಯಾಯಿತಿ ಸಿಗಬೇಕು ಎಂದು ಅವನು. ಮೂರರಲ್ಲಿ ಒಂದೂ ಇರಕೂಡದು ಎಂದು ಸರ್ಕಾರ. ಆರು ಮಂದಿ ಸರ್ಕಾರದ ಕಡೆ ನಿಂತರು. ಸಾವಿರಾರು ಮಂದಿ ಕೈದಿಗಳಿಗೆ ಒಂದು ಬಾಗಿಲು ಮುಚ್ಚಿತು ಎಂಬುದು ಭಿನ್ನಮತ ಬರೆದ ನ್ಯಾಯಮೂರ್ತಿ ಗೋರ್ಸಚ್ ಅವರ ಅಳಲು.

ಈ ಮೊಕದ್ದಮೆಯ ಬಗ್ಗೆ ಓದುವಾಗ ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿದೆ. 'ಮೂರೂ ಇಲ್ಲದವನು' ಎಂದರೆ ಸರ್ಕಾರ ಗೆದ್ದಿತು. 'ಮೂರೂ ಇರುವವನಲ್ಲ' ಎಂದರೆ ಪಲ್ಸಿಫರ್ ಗೆದ್ದ. ನಮಗೆ 'ಇಲ್ಲ' ಬೇರೆ, 'ಅಲ್ಲ' ಬೇರೆ. ಇಂಗ್ಲಿಷಿಗೆ ಎರಡಕ್ಕೂ ಒಂದೇ 'ನಾಟ್'. ಆ ನಾಟ್ ಕ್ರಿಯಾಪದದ ಪಕ್ಕ ನಿಂತು ಮುಂದಿನ ಅಂಡ್‌ನ ಮೇಲೆ ಯಾವ ಕಡೆಯಿಂದ ಬೀಳುತ್ತದೋ ಹೇಳುವವರಿಲ್ಲ. 'ಡೋಂಟ್ ಡ್ರಿಂಕ್ ಅಂಡ್ ಡ್ರೈವ್' ಎಂಬುದನ್ನೇ ತೆಗೆದುಕೊಳ್ಳಿ. ಅಲ್ಲಿ ಎರಡನ್ನೂ ಒಟ್ಟಿಗೆ ಮಾಡಬೇಡ ಎಂದು ಎಲ್ಲರಿಗೂ ತಿಳಿಯುತ್ತದೆ, ಆದರೆ ತಿಳಿಸುವುದು ವ್ಯಾಕರಣವಲ್ಲ, ಲೋಕಜ್ಞಾನ. ನಮ್ಮ ರಸ್ತೆಬದಿಯ ಫಲಕ 'ಕುಡಿದು ವಾಹನ ಓಡಿಸಬೇಡಿ' ಎನ್ನುತ್ತದೆ. 'ಕುಡಿದು' ಎಂಬ ಎರಡು ಚಕ್ರದ ಗಾಡಿ ಅರ್ಥವನ್ನು ಅಲುಗದಂತೆ ದಾಟಿಸಿಬಿಡುತ್ತದೆ. ಹಾಗಂತ ಕನ್ನಡ ಎಲ್ಲ ಕಡೆಯೂ ಗೆಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ಸರ್ಕಾರಿ ಆದೇಶಗಳ ಕನ್ನಡ ಓದಿದವರು ಯಾರೂ ಹೇಳಲಾರರು.

ಇರುವ ಪದದ ಜಗಳ ಇವು. ಇಲ್ಲದ ಪದದ ಜಗಳ ಇನ್ನೂ ದೊಡ್ಡದು. 1967ರ ಜೂನ್ ಯುದ್ಧದ ನಂತರ, ಆ ವರ್ಷದ ನವೆಂಬರ್ 22ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ಗೊತ್ತುವಳಿಯನ್ನು ಸರ್ವಾನುಮತದಿಂದ ಒಪ್ಪಿತು. ಇಸ್ರೇಲಿನ ಪಡೆಗಳು ವಾಪಸಾಗಬೇಕಾದದ್ದು ಎಲ್ಲಿಂದ? ಇಂಗ್ಲಿಷ್ ಪಠ್ಯದಲ್ಲಿ 'ಟೆರಿಟರೀಸ್' ಎಂದಷ್ಟೇ ಇದೆ, ಅದರ ಮುಂದೆ 'ದ' ಇಲ್ಲ. ಫ್ರೆಂಚ್ ಪಠ್ಯದಲ್ಲಿ 'ದೆ' ಎಂಬ ಪದವಿದ್ದು, ಅದರೊಳಗೆ ಆ ಭಾಷೆಯ 'ದ' ಸೇರಿಕೊಂಡಿದೆ ಎಂದು ಓದಲು ಬರುತ್ತದೆ. 'ದ' ಇಲ್ಲ, ಆದ್ದರಿಂದ ಎಲ್ಲ ನೆಲವೂ ಅಲ್ಲ ಎಂದು ಇಸ್ರೇಲಿನ ಕಡೆಯವರು. ಯುದ್ಧದಿಂದ ನೆಲ ಗಳಿಸುವುದು ಸಲ್ಲದು ಎಂದು ಅದೇ ಗೊತ್ತುವಳಿಯ ಪೀಠಿಕೆ ಹೇಳುತ್ತದಲ್ಲ ಎಂದು ಅರಬರ ಕಡೆಯವರು. ಅರ್ಧ ಶತಮಾನ ಕಳೆದರೂ ರಾಜತಂತ್ರಜ್ಞರು ಆ ಖಾಲಿ ಜಾಗದ ಸುತ್ತ ಬರೆಯುತ್ತಲೇ ಇದ್ದಾರೆ. ಅಲ್ಲಿ 'ದ' ಇದ್ದಿದ್ದರೆ ಟ್ಯಾಂಕುಗಳು ಹಿಂದಕ್ಕೆ ಹೋಗುತ್ತಿದ್ದವು ಎಂದು ನಂಬುವಷ್ಟು ಮುಗ್ಧಳು ನಾನಲ್ಲ.

ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ, ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ, 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲೆ ನಮ್ಮಂಥ ಸಣ್ಣಪುಟ್ಟ ಕತೆಗಾರರನ್ನೂ ಅನುವಾದಕರು ಹುಡುಕಿಕೊಂಡು ಬರತೊಡಗಿದ್ದಾರೆ. ನನ್ನದೊಂದು ಕತೆಯನ್ನು ಬೆಂಗಳೂರಿನ ತರುಣಿಯೊಬ್ಬಳು ಕೈಗೆತ್ತಿಕೊಂಡಳು. ನನ್ನನ್ನು ಮೇಡಂ ಎಂದು ಶುರುಮಾಡಿ ಎರಡನೇ ವಾರಕ್ಕೆ ಆಪಾ ಅನ್ನುವಷ್ಟಾದಳು. ದಿನಕ್ಕೆ ಹತ್ತು ಪ್ರಶ್ನೆ. "ಆಪಾ, ಇಲ್ಲಿ 'ಹೆಂಗಸು ಅಳುತ್ತಿದ್ದಳು' ಅಂತಿದೆ. ಎ ವುಮನ್ನೋ, ದ ವುಮನ್ನೋ? ನಮಗೆ ಮೊದಲೇ ಗೊತ್ತಿರುವ ಹೆಂಗಸಾ?" ನಾನು ಆ ವಾಕ್ಯ ಬರೆದದ್ದೇ ಓದುವವರಿಗೆ ಅದು ಗೊತ್ತಾಗಬಾರದು ಎಂದು. ಕನ್ನಡ ನನಗೆ ಆ ಮರೆಯನ್ನು ಪುಕ್ಕಟೆ ಕೊಟ್ಟಿತ್ತು. ಇಂಗ್ಲಿಷ್ ಬಾಗಿಲಲ್ಲೇ ನಿಲ್ಲಿಸಿ ಯಾರು ಎಂದು ಕೇಳುತ್ತದೆ.

ನಿಜವಾದ ಪೇಚು ಬಂದದ್ದು ಕೊನೆಯ ಪುಟದಲ್ಲಿ. ಕತೆಯ ಹೆಂಗಸು ಉದ್ದಕ್ಕೂ ಗಂಡನ ಬಗ್ಗೆ 'ಬಂದರು, ಉಂಡರು, ಹೊರಟರು' ಎಂದೇ ಹೇಳುತ್ತಾಳೆ. ಹೊಡೆದಾಗಲೂ 'ಹೊಡೆದರು'. ನಮ್ಮ ಮನೆಗಳಲ್ಲಿ ಗಂಡನ ಹೆಸರು ಹಿಡಿಯುವುದಿಲ್ಲ, ಏಕವಚನವಂತೂ ದೂರದ ಮಾತು. ಉರ್ದುವಿನಲ್ಲಾದರೂ 'ವೋ ಆಯೇ'. ಅವನು ಇನ್ನೊಬ್ಬಳನ್ನು ಕಟ್ಟಿಕೊಂಡು ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಬಾಗಿಲು ಬಡಿಯುತ್ತಾನೆ. ನನ್ನ ವಾಕ್ಯ ಒಂದೇ ಪದದ್ದು. 'ಬಂದ.' ಕತೆಯೆಲ್ಲ ಆ 'ರು' ಬಿದ್ದುಹೋದ ಜಾಗದಲ್ಲಿದೆ.

ಇಂಗ್ಲಿಷಿನಲ್ಲಿ ಬೀಳಿಸಲು ಏನೂ ಇಲ್ಲ. 'ಹಿ ಕೇಮ್' ಅಂದರೆ ಹಾಲಿನವನು ಬಂದಂತೆ. ಅವಳು ಒಂದು ವಾರ ಒದ್ದಾಡಿ 'ದಟ್ ಮ್ಯಾನ್ ಕೇಮ್' ಎಂದು ಬರೆದು ಕಳಿಸಿದಳು. ಕ್ರಿಯಾಪದ ಹೊರಲಾರದ ಭಾರವನ್ನು 'ದಟ್'ನ ತಲೆಯ ಮೇಲಿಟ್ಟಿದ್ದಳು, ಜಾಣೆ. ಆದರೆ 'ದಟ್'ನಲ್ಲಿ ಸಿಟ್ಟಿದೆ. ನನ್ನ ಹೆಂಗಸಿಗೆ ಆ ಹೊತ್ತಿಗೆ ಸಿಟ್ಟು ಮುಗಿದುಹೋಗಿದೆ, ಬೆರಳೆತ್ತಿ ತೋರಿಸುವಷ್ಟೂ ಅವನು ಅವಳಿಗೆ ಉಳಿದಿಲ್ಲ. ಹಾಗೆಂದು ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಹಾಗಾದರೆ ಆಪಾ, 'ಎ' ಹಾಕಲಾ?" ಎಂದಳು. 'ಎ ಮ್ಯಾನ್ ವಾಸ್ ಅಟ್ ದ ಡೋರ್.' ಹನ್ನೊಂದು ಪುಟ ನಮ್ಮ ಜೊತೆಗಿದ್ದವನನ್ನು ಹೊಸದಾಗಿ ಕಂಡ ಯಾವನೋ ಒಬ್ಬನಂತೆ ಬಾಗಿಲ ಹೊರಗೆ ನಿಲ್ಲಿಸಿದಳು.

ಪ್ರೂಫ್ ಬಂದಾಗ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ, ಇವನು ಗಂಡನೇ ಅಲ್ಲವೇ, 'ಹರ್ ಹಸ್ಬೆಂಡ್' ಅಥವಾ 'ದ ಮ್ಯಾನ್' ಆಗಬೇಕಲ್ಲವೇ ಎಂದು ಕೇಳಿದ್ದರು. ಇರುವ ಹಾಗೇ ಇರಲಿ ಎಂದು ಪಕ್ಕದಲ್ಲಿ ಬರೆದು ಇಬ್ಬರೂ ರುಜು ಹಾಕಿ ಕಳಿಸಿದೆವು.